ಮೂರನೇ ನಂಬರಿನ ಕಾರ್ಡು

ನಾನು ಡಿಪೋದಲ್ಲಿ ಕೆಲಸಕ್ಕೆ ಹಾಜರಾದ ಮೊದಲ ಬೆಳಿಗ್ಗೆಯೇ ನನ್ನ ಕೆಲಸವನ್ನು ಬೇರೆ ಯಾರೋ ಮಾಡಿ ಮುಗಿಸಿದ್ದರು. ಹಾಗೆ ಮುಗಿಸಿದವರು ಎರಡು ತಿಂಗಳ ಹಿಂದೆಯೇ ತೀರಿಕೊಂಡಿದ್ದರು ಎಂಬುದು ಸಂಜೆ ಗೊತ್ತಾಯಿತು. ಆ ನಡುವಿನ ಹನ್ನೆರಡು ತಾಸು ನಾನು ಎಷ್ಟು ನಿಶ್ಚಿಂತೆಯಿಂದ ಓಡಾಡಿಕೊಂಡಿದ್ದೆ ಎಂದು ನೆನೆದರೆ ಈಗಲೂ ನಗು ಬರುತ್ತದೆ, ಪೂರ್ತಿ ಬರುವುದಿಲ್ಲ.

ಆಗಿನ್ನೂ ನಾಗಪುರ ಮಧ್ಯಪ್ರದೇಶದ ರಾಜಧಾನಿಯಾಗಿತ್ತು. ಊರ ಅಂಚಿನಲ್ಲಿ, ರೈಲು ಹಳಿಗೆ ಹೊಂದಿಕೊಂಡು, ತಗಡಿನ ಶೆಡ್ಡುಗಳ ಒಂದು ಸಾಮಾನು ಡಿಪೋ. ವ್ಯಾಗನ್ನಿನಲ್ಲಿ ಬಂದ ಪೆಟ್ಟಿಗೆಗಳನ್ನು ಇಳಿಸಿ, ಪೇರಿಸಿ, ಮತ್ತೆ ಲಾರಿಗೆ ಏರಿಸಿ ಕಳಿಸುವುದು ಅಲ್ಲಿಯ ಕೆಲಸ. ಅದಕ್ಕೆ ಮೂರು ಫೋರ್ಕ್‌ಲಿಫ್ಟ್‌ಗಳಿದ್ದವು, ಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯ ಬಿಟ್ಟುಹೋದವು. ಮುಂದೆ ಎರಡು ಕಬ್ಬಿಣದ ನಾಲಗೆ. ಅವನ್ನು ಪೆಟ್ಟಿಗೆಯ ಅಡಿಗೆ ತೂರಿಸಿ, ಸರಪಳಿಯ ಬಲದಿಂದ ಕಂಬದುದ್ದಕ್ಕೂ ಮೇಲೆತ್ತಿ ಒಯ್ಯುವ ಗಾಡಿಗಳು. ಮೊದಲೆರಡು ಸಣ್ಣವು. ಮೂರನೇ ನಂಬರಿನದು ದೊಡ್ಡದು, ಭಾರೀ ಪೆಟ್ಟಿಗೆಗಳಿಗೆ ಅದೊಂದೇ ಗತಿ.

ಯಂತ್ರ ಪರೀಕ್ಷಕನೆಂದರೆ ನಾನು. ಬೆಳಿಗ್ಗೆ ಏಳರ ಭೋಂಗಾ, ಪಾಳಿ ಶುರುವಿನ ಸೈರನ್ನು, ಕೂಗುವ ಮೊದಲು ಮೂರೂ ಗಾಡಿಗಳ ಎಂಟು ಅಂಶ ನೋಡಬೇಕು: ಟೈರು, ಬ್ರೇಕು, ಹಾರ್ನು, ಎಣ್ಣೆ, ಎಣ್ಣೆಯ ಕೊಳವೆ, ಕಂಬದ ಉರುಳೆಗಳು, ಸರಪಳಿ, ನಾಲಗೆ. ಎಲ್ಲ ಸರಿಯಿದ್ದರೆ ಒಂದು ದಪ್ಪ ಕಾರ್ಡಿನಲ್ಲಿ ಎಂಟು ಗುರುತು ಹಾಕಿ, ಸಹಿ ಮಾಡಿ, ಸ್ಟೇರಿಂಗಿಗೆ ನೇತುಹಾಕಬೇಕು. ಕಾರ್ಡು ಕಾಣದೆ ಭಾರ ಎತ್ತುವಂತಿಲ್ಲ. ಸಂಜೆ ಅದನ್ನು ಹರಿದು ಬಿಸಾಕುತ್ತಿದ್ದರು; ಹಾಗಾಗಿ ಕಾರ್ಡಿನಲ್ಲಿ ತಾರೀಖಿನ ಜಾಗವೇ ಇರಲಿಲ್ಲ. ಕಾಯಂ ಲೆಕ್ಕಕ್ಕೆ ಕಚೇರಿಯ ರಿಜಿಸ್ಟರಿನಲ್ಲಿ ಬೇರೆ ಬರೆಯಬೇಕಿತ್ತು.

ಅಂದು ಆರೂಕಾಲಕ್ಕೆ ಒಂದು, ಎರಡನ್ನು ನೋಡಿ ಮುಗಿಸಿ ಕೊನೆಯ ಕೊಟ್ಟಿಗೆಗೆ ಹೋದೆ. ಮೂರರ ಸ್ಟೇರಿಂಗಿಗೆ ಆಗಲೇ ಕಾರ್ಡು ತೂಗುತ್ತಿತ್ತು. ನೇರಳೆ ಪೆನ್ಸಿಲ್ಲಿನ ಎಂಟು ಗುರುತು, ಕೆಳಗೆ ಬಾಲ ಎಳೆದ ದುಂಡಗಿನ ಸಹಿ. ಹಿಂದಿನ ದಿನದ್ದನ್ನು ಹರಿಯಲು ಮರೆತಿದ್ದಾರೆಂದುಕೊಂಡು ತೆಗೆದು ಜೇಬಿಗೆ ಹಾಕಿದೆ. ಆಮೇಲೆ ಬಾನೆಟ್ಟಿನ ಮೇಲೆ ಕೈಯಿಟ್ಟೆ. ನಾಗಪುರದ ಮೇ ತಿಂಗಳಲ್ಲಿ ಸೂರ್ಯ ಹುಟ್ಟುವ ಹೊತ್ತಿಗೂ ಬೆಚ್ಚಗಿರದ ಕಬ್ಬಿಣವಿಲ್ಲ, ಆದರೆ ಇದು ಬೆಚ್ಚಗಿರಲಿಲ್ಲ, ಕಾದಿತ್ತು. ಆಗಷ್ಟೇ ಯಾರೋ ಎಂಜಿನ್ನು ಓಡಿಸಿ ನಿಲ್ಲಿಸಿದ್ದರು. ಕಂಬದ ಮೇಲೆ ಚಾಕ್‌ಪೀಸಿನ ಹೊಸ ಗೆರೆ, ತುದಿಗೊಂದು ಪುಟ್ಟ ಸೊನ್ನೆ.

ಗೇಟಿನ ಚೌಕಿದಾರನನ್ನು ಕೇಳಿದೆ. ಅವನು ಬೀಡಿ ಬಾಯಿಂದ ತೆಗೆಯದೆ, “ಸಾಬ್ ಜಾಂಚ್ ಕರ್ಕೇ ಗಯೇ” ಎಂದ. ಸಾಹೇಬರು ಪರೀಕ್ಷೆ ಮಾಡಿ ಹೋದರಂತೆ. ಯಾವ ಸಾಹೇಬರೆಂದು ನಾನು ಕೇಳಲಿಲ್ಲ. ಹೊಸ ಜಾಗದಲ್ಲಿ ಮೊದಲ ದಿನವೇ ಪೆದ್ದನಂತೆ ಕಾಣಬಾರದೆಂಬ ಹಟ.

ಸಂಜೆ ಡಿಪೋ ಅಧಿಕಾರಿ ಒಳಗೆ ಕರೆಸಿದರು. ಮದ್ರಾಸಿನ ಕಡೆಯವರು, ಶಿಸ್ತಿನ ಮನುಷ್ಯ, ನನ್ನೊಡನೆ ಇಂಗ್ಲಿಷಿನಲ್ಲೇ ಮಾತು. ನನಗಿಂತ ಮೊದಲಿದ್ದ ಪರೀಕ್ಷಕರು ಹೇಗೆ ಸತ್ತರೆಂಬುದನ್ನು ಅವರು ಒಂದು ವರದಿ ಓದುವವರಂತೆ ಹೇಳಿದರು. ಮೂರನೇ ನಂಬರಿನ ಮೇಲೆ ಭಾರದ ಪೆಟ್ಟಿಗೆ ಎತ್ತಿಸಿ, ಕಂಬದ ಮೇಲೆ ಚಾಕಿನ ಗೆರೆ, ತುದಿಗೆ ಸೊನ್ನೆ ಎಳೆದು, ಹತ್ತು ನಿಮಿಷದಲ್ಲಿ ನಾಲಗೆ ಕೆಳಗಿಳಿಯುತ್ತದೆಯೋ ಎಂದು ಪಕ್ಕದಲ್ಲೇ ನಿಂತು ನೋಡುವುದು ಅವರ ಪದ್ಧತಿ. ಆ ದಿನ ಸರಪಳಿ ಕಡಿಯಿತು, ಪೆಟ್ಟಿಗೆ ಅವರ ಮೇಲೆ ಬಂತು. ವಿಚಾರಣೆ ನಡೆದು ಚಾಲಕ ಲಿವರನ್ನು ಎಳೆದು ಬಿಟ್ಟದ್ದರಿಂದ ಜಗ್ಗಿ ಸರಪಳಿ ಹರಿಯಿತೆಂದು ತೀರ್ಮಾನವಾಯಿತು. ಚಾಲಕನಿಗೆ ಕೊನೆಯ ಎಚ್ಚರಿಕೆ. ಇನ್ನೊಂದು ತಪ್ಪು ಕಂಡರೆ ಅವನು ಡಿಪೋದಿಂದ ಹೊರಗೆ. ಅವನ ಕೈಯ ಮೇಲೆ ನಿನ್ನ ಕಣ್ಣಿರಲಿ ಎಂದರು. ಮತ್ತೆ, ದೆವ್ವ ಭೂತ ಎಂದು ಬಾಯಿ ಬಿಟ್ಟವರನ್ನು ಮರುದಿನವೇ ಬೇರೆಡೆಗೆ ಕಳಿಸುತ್ತೇನೆಂದೂ ಸೇರಿಸಿದರು.

ಹಳೆಯ ರಿಜಿಸ್ಟರು ನನ್ನ ಕೈಗೆ ಬಂತು. ಬಿಚ್ಚಿದೆ. ಪುಟ ಪುಟಕ್ಕೂ ನೇರಳೆ ಪೆನ್ಸಿಲ್ಲು, ಬಾಲ ಎಳೆದ ದುಂಡಗಿನ ಸಹಿ. ಬೆಳಗಿನ ಕಾರ್ಡು ನನ್ನ ಜೇಬಿನಲ್ಲೇ ಇತ್ತು. ಅಧಿಕಾರಿಯ ಎದುರಿಗೆ ಅದನ್ನು ತೆಗೆದು ನೋಡುವ ಧೈರ್ಯವಾಗಲಿಲ್ಲ. ಹೊರಗೆ ಬಂದು ನೋಡಿದೆ, ಅದೇ ಸಹಿ.

ದೆವ್ವವೆಂದರೆ ನಗುವವರ ಪೈಕಿ ನಾನು. ಯಾರೋ ಹೊಸಬನನ್ನು ಆಟ ಆಡಿಸುತ್ತಿದ್ದಾರೆಂದು ಸಮಾಧಾನ ಮಾಡಿಕೊಂಡೆ. ಮಾರನೇ ದಿನವೂ ಕಾರ್ಡು ಇತ್ತು, ಬಾನೆಟ್ಟು ಕಾದಿತ್ತು, ಚಾಕಿನ ಗೆರೆ ಹೊಸದಾಗಿತ್ತು. ಹಲ್ಲು ಕಚ್ಚಿ ನನ್ನ ಪರೀಕ್ಷೆ ನಾನು ಮಾಡಿದೆ. ಮೂರನೇ ದಿನ ನಾಲಗೆ ಎತ್ತಿಸಿ ಸರಪಳಿ ನೋಡಲು ಅಡಿಗೆ ಬಗ್ಗಿದೆ. ಕತ್ತಿನ ಮೇಲೆ ಒಂದು ಬಿಸಿ ಹನಿ ಬಿತ್ತು. ಎಣ್ಣೆ, ಹಳೆಯ ಯಂತ್ರಗಳಲ್ಲಿ ಜಿನುಗುವುದು ಇದ್ದದ್ದೇ. ಅಷ್ಟು ಗೊತ್ತಿದ್ದೂ ನಾನು ಮೊಣಕೈ ತರಚಿಕೊಂಡು ಹೊರಗೆ ಹಾರಿದೆ. ಸೀಟಿನ ಮೇಲಿದ್ದ ಚಾಲಕ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

ಆ ಚಾಲಕನ ಬಗ್ಗೆ ಹೇಳಬೇಕು. ಸೊಲ್ಲಾಪುರದ ಕಡೆಯವನು, ಐವತ್ತರ ಆಸುಪಾಸು. ಯುದ್ಧದ ಕಾಲದಲ್ಲಿ ಅಸ್ಸಾಮಿನಲ್ಲಿ ಅಮೆರಿಕನ್ನರ ಕೈಕೆಳಗೆ ಇದೇ ಜಾತಿಯ ಗಾಡಿ ಓಡಿಸಿ ಕಲಿತವನು. ಓದು ಬರಹವಿಲ್ಲ. ಮರಾಠಿ, ಹಿಂದಿ, ನಮ್ಮ ಕನ್ನಡ ಮೂರೂ ಬರುತ್ತಿದ್ದವು, ಮೂರರಲ್ಲೂ ಮಾತು ಕಡಿಮೆ. ಉಳಿದ ಕೂಲಿಗಳು ಅವನೊಡನೆ ಬೀಡಿ ಹಂಚಿಕೊಳ್ಳುತ್ತಿರಲಿಲ್ಲ. ಅವನು ಲಿವರಿಗೆ ಕೈ ಹಾಕಿದಾಗಲೆಲ್ಲ ಇಡೀ ಶೆಡ್ಡು ಆ ಬಲಗೈಯನ್ನು ನೋಡುತ್ತಿತ್ತು, ನಾನೂ ನೋಡುತ್ತಿದ್ದೆ. ನೋಡುತ್ತಾರೆಂದು ಅವನಿಗೂ ಗೊತ್ತಿತ್ತು.

ಐದನೇ ದಿನ ಆಟ ಆಡಿಸುವವನನ್ನು ಹಿಡಿದೇ ಬಿಡೋಣವೆಂದು ಐದು ಗಂಟೆಗೆ ಡಿಪೋ ಮುಂದೆ ಹೋಗಿ ನಿಂತೆ. ಆರರ ಮೊದಲು ಯಾರನ್ನೂ ಬಿಡುವಂತಿಲ್ಲವೆಂದು ಚೌಕಿದಾರ ಬೀಗ ತೋರಿಸಿದ. ಸರಿ, ಗೋಡೆಯ ಹೊರಗೆ, ಮೂರನೇ ನಂಬರಿನ ಕೊಟ್ಟಿಗೆಯ ಸಮಕ್ಕೆ ನಿಂತೆ. ಬೆಳಕು ಹರಿಯುತ್ತಿತ್ತು, ಎಲೆ ಅಲುಗುತ್ತಿರಲಿಲ್ಲ. ಒಳಗೆ ಎಂಜಿನ್ನು ಎರಡು ಸಲ ಕೆಮ್ಮಿ ಹೊತ್ತಿಕೊಂಡಿತು. ಹಾರ್ನು ಒಂದೇ ಒಂದು ಸಲ, ಚಿಕ್ಕದಾಗಿ. ಕಂಬ ಏರುವ ಕಿರುಗುಟ್ಟು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಹತ್ತು ನಿಮಿಷವೆಂದು ಗಡಿಯಾರ ನೋಡಿ ಲೆಕ್ಕ ಹಾಕಿದೆ. ಕೊನೆಗೆ ಸುತ್ತಿಗೆಯಿಂದ ನಾಲಗೆ ಬಡಿಯುವ ಸದ್ದು, ಒಂದಕ್ಕೆ ಮೂರು, ಇನ್ನೊಂದಕ್ಕೆ ಮೂರು. ಬಿರುಕಿದ್ದರೆ ಸದ್ದು ಒಡೆಯುತ್ತದೆ, ಇದು ಸ್ವಚ್ಛವಾಗಿತ್ತು. ಅಪ್ಪಟ ಪರೀಕ್ಷಕನ ಕೈ ಅದು, ಹುಡುಗಾಟದ ಕೈಯಲ್ಲ.

ಆರಕ್ಕೆ ಗೇಟು ತೆಗೆದದ್ದೇ ಓಡಿದೆ. ಕೊಟ್ಟಿಗೆಯಲ್ಲಿ ಯಾರೂ ಇರಲಿಲ್ಲ. ಗಾಳಿಯೇ ಇಲ್ಲದ ಶೆಡ್ಡಿನಲ್ಲಿ ಕಾರ್ಡು ಮೆಲ್ಲಗೆ ಆಡುತ್ತಿತ್ತು. ಅದು ನಿಲ್ಲುವವರೆಗೂ ನೋಡುತ್ತಾ ನಿಂತೆ, ಮುಟ್ಟಲಿಲ್ಲ.

ಅವತ್ತಿನಿಂದ ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ. ಮೂರನೇ ನಂಬರಿನ ಅಡಿಗೆ ಬಗ್ಗುವುದನ್ನು ಬಿಟ್ಟೆ. ಸ್ಟೇರಿಂಗಿನ ಕಾರ್ಡು ನೋಡಿ, ಅದರಲ್ಲಿದ್ದ ಎಂಟು ಗುರುತುಗಳನ್ನು ನನ್ನ ಕಾರ್ಡಿಗೆ ಇಳಿಸಿಕೊಂಡು, ನನ್ನ ಸಹಿ ಹಾಕಿ, ಅದನ್ನು ತೆಗೆದು ಇದನ್ನು ಕಟ್ಟುತ್ತಿದ್ದೆ. ರಿಜಿಸ್ಟರಿಗೂ ಅದೇ. ಮೊದಲ ದಿನ ಸುತ್ತ ಯಾರಿದ್ದಾರೆಂದು ನೋಡಿಕೊಂಡು ಬರೆದೆ. ನಾಲ್ಕನೇ ದಿನಕ್ಕೆ ರೂಢಿಯಾಯಿತು. ಎಂಟನೇ ದಿನಕ್ಕೆ, ಹೇಳಲು ನಾಚಿಕೆ, ಒಂದು ಥರದ ನೆಮ್ಮದಿಯೇ ಬಂತು. ನನಗಿಂತ ಅನುಭವಸ್ಥರು, ನನಗಿಂತ ಮೊದಲೇ ಬಂದು, ಎಲ್ಲ ನೋಡಿ ಸರಿ ಎಂದಿದ್ದಾರಲ್ಲ ಎಂಬ ನೆಮ್ಮದಿ. ದೆವ್ವವನ್ನು ನಂಬದವನು ದೆವ್ವದ ಸಹಿಯನ್ನು ನಂಬಿಕೊಂಡು ಕೂತೆ.

ಧರಮಪೇಠದ ಬಾಡಿಗೆ ಕೋಣೆಯಲ್ಲಿ ಹೆಂಡತಿಗೆ ಅರ್ಧಂಬರ್ಧ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಾ, “ನಿಮ್ಮ ಕೆಲಸಾ ಅವರ ಮಾಡ್ತಾರಂದ್ರ ನೀವ್ಯಾಕ ಬಿಸಲಾಗ ಹೋಗ್ತೀರಿ?” ಎಂದು ಚೇಷ್ಟೆ ಮಾಡಿದಳು. ನಾನು ಸಿಟ್ಟಾಗಿ ಊಟ ಅರ್ಧಕ್ಕೇ ಬಿಟ್ಟೆ. ಚೇಷ್ಟೆಗೆ ಅಷ್ಟು ಸಿಟ್ಟು ಬರುವುದಿಲ್ಲವೆಂದು ಅವಳಿಗೆ ಅನುಮಾನ ಬಂದಿರಬೇಕು.

ಆ ದಿನಗಳಲ್ಲಿ ನಡುಮಧ್ಯಾಹ್ನ ಡಿಪೋದಲ್ಲಿ ಯಾರೂ ಓಡಾಡುತ್ತಿರಲಿಲ್ಲ. ಹನ್ನೆರಡರಿಂದ ಎರಡರವರೆಗೆ ಬಿಸಿಗಾಳಿ ಬೀಸಿ ಅಂಗಳವೆಲ್ಲ ಬೆಳ್ಳಗೆ ಕುರುಡಾಗುತ್ತಿತ್ತು. ಅಲ್ಲಿಯವರಿಗೆ ಅದು ಭರ ದುಪಾರಿ, ಸತ್ತವರು ತಿರುಗಾಡುವ ಹೊತ್ತು. ಒಂದು ಅಂಥ ಮಧ್ಯಾಹ್ನ ನಾನೂ ಚಾಲಕನೂ ಕಚೇರಿಯ ಜಗುಲಿಯಲ್ಲಿ ಕೂತಿದ್ದಾಗ ಶೆಡ್ಡಿನಿಂದ ಟಣ್ ಟಣ್ ಟಣ್ ಎಂದು ಮೂರು ಸಲ ಕೇಳಿತು. ಸ್ವಲ್ಪ ತಡೆದು ಮತ್ತೆ ಮೂರು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ಕಾದ ತಗಡು ಹಿಗ್ಗಿದರೆ ಹಾಗೇ ಸದ್ದು ಮಾಡುತ್ತದೆ. ಮಾಡುತ್ತದೆ ಎಂದೇ ನಾನು ಇಂದಿಗೂ ಹೇಳಿಕೊಳ್ಳುತ್ತೇನೆ.

ಹೀಗೆ ಹತ್ತೊಂಬತ್ತು ದಿನ. ಇಪ್ಪತ್ತನೆಯ ಬೆಳಿಗ್ಗೆ ಹೋದಾಗ ಸ್ಟೇರಿಂಗಿಗೆ ಕಾರ್ಡು ಇರಲಿಲ್ಲ.

ಕೆಳಗೆ ಬಿದ್ದಿದೆಯೇನೋ ಎಂದು ನೆಲ ನೋಡಿದೆ. ಇಲ್ಲ. ಬಾನೆಟ್ಟು ಕಾದಿತ್ತು, ಚಾಕಿನ ಗೆರೆ ಹೊಸದಾಗಿತ್ತು, ಕಾರ್ಡು ಮಾತ್ರ ಇಲ್ಲ. ಇಷ್ಟು ದಿನ ಕಾರ್ಡು ಇದೆಯೆಂದು ಹೆದರಿದ್ದೆ. ಇಲ್ಲವೆಂದಾಗ ಹೆದರಿದಷ್ಟು ಎಂದೂ ಹೆದರಿರಲಿಲ್ಲ. ಅವರು ಇವತ್ತು ಸಹಿ ಹಾಕಿಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತತೊಡಗಿತು. ಯಾಕೆ ಹಾಕಿಲ್ಲ? ಏನು ಕಂಡರು?

ಅಷ್ಟರಲ್ಲಿ ಕಚೇರಿಯಿಂದ ಆಳು ಬಂದ. ಖಾಪರಖೇಡಾದ ವಿದ್ಯುತ್ ಕೇಂದ್ರಕ್ಕೆ ಹೋಗಬೇಕಾದ ಪೆಟ್ಟಿಗೆಗಳ ವ್ಯಾಗನ್ನು ನಿಂತಿದೆ, ಮೂರನೇ ನಂಬರು ತಕ್ಷಣ ಬೇಕಂತೆ. ಏಳಕ್ಕೆ ಹತ್ತೇ ನಿಮಿಷ. ಚಾಲಕ ಬಂದು ಗಾಡಿಯ ಪಕ್ಕ ನಿಂತ. ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ನಾನು ಖಾಲಿ ಕಾರ್ಡು ತೆಗೆದು ಮೊದಲ ಆರು ಗುರುತು ಹಾಕಿದೆ. ಏಳನೆಯದು ಸರಪಳಿ. ನಕಲು ಮಾಡಲು ಎದುರಿಗೆ ಏನೂ ಇರಲಿಲ್ಲ, ಪೆನ್ಸಿಲ್ಲು ಮುಂದೆ ಹೋಗಲಿಲ್ಲ.

ಆ ಹೊತ್ತಿಗೆ ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸವೆಂದರೆ ಆ ಕಾರ್ಡನ್ನು ಹರಿದದ್ದು. ಆಳಿಗೆ ತಡವಾಗುತ್ತದೆಂದು ಹೇಳಿ ಕಳಿಸಿದೆ. ರೈಲು ಹಳಿಯಡಿಗೆ ಹಾಕುವ ಹಳೆಯ ಮರದ ಸ್ಲೀಪರಿನ ಎಂಟು-ಹತ್ತು ತುಂಡು ತರಿಸಿದೆ. ನಾಲಗೆಯನ್ನು ಎದೆಯೆತ್ತರಕ್ಕೆ ಎತ್ತಿಸಿ, ಅಡಿಗೆ ಮರದ ತುಂಡುಗಳನ್ನು ಪೇರಿಸಿ, ಭಾರ ಮರದ ಮೇಲೆ ಕೂರುವಂತೆ ಇಳಿಸಿದೆ. ಇನ್ನು ಸರಪಳಿ ಕಡಿದರೂ ನಾಲಗೆ ಬೀಳುವಂತಿಲ್ಲ. ಹೀಗೆ ಆಸರೆ ಕೊಡುವುದನ್ನು ಹಿಂದಿನ ಪರೀಕ್ಷಕರು ಎಂದೂ ಮಾಡಿದ್ದಿಲ್ಲವೆಂದು ಚಾಲಕ ಹೇಳಿದ. ಸಡಿಲಾದ ಸರಪಳಿಯನ್ನು ಬುಡದಿಂದ ಹಿಡಿದು ಸೀಮೆಎಣ್ಣೆ ಹಾಕಿ ಕುಂಚದಿಂದ ತೊಳೆಯತೊಡಗಿದೆ. ಗ್ರೀಸು ಕಪ್ಪು ಕಪ್ಪಾಗಿ ತೋಳಿನ ಮೇಲೆ ಇಳಿಯಿತು. ಕತ್ತಿನ ಮೇಲೆ ಮತ್ತೆ ಹನಿ ಬಿತ್ತು. ಈ ಸಲ ನಾನು ಏಳಲಿಲ್ಲ, ಹೆದರಿಕೆ ಹೋಗಿತ್ತೆಂದಲ್ಲ.

ಆ ಸರಪಳಿ ಉಕ್ಕಿನ ತೆಳು ಪಟ್ಟಿಗಳನ್ನು ಜೋಡಿಸಿ ಮಾಡಿದ್ದು. ಬುಡದ ಪಿನ್ನಿನಿಂದ ಮೂರನೆಯ ಪಟ್ಟಿಯನ್ನು ಬಟ್ಟೆಯಿಂದ ಒರೆಸಿದಾಗ ಅದರ ತೂತಿನಿಂದ ಅಂಚಿಗೆ ಒಂದು ಕೂದಲು ಅಂಟಿದಂತೆ ಕಂಡಿತು. ಉಗುರಿನಿಂದ ಕೆರೆದೆ. ಕೂದಲಾಗಿದ್ದರೆ ಬರುತ್ತಿತ್ತು. ಸರಪಳಿ ಬಗ್ಗಿಸಿದಾಗ ಗೆರೆ ಬಾಯಿ ಬಿಟ್ಟಿತು. ಪಕ್ಕದ ಪಟ್ಟಿಗೂ ಅದೇ ಜಾಗದಲ್ಲಿ ಬಿರುಕು. ಬುಡದ ಕೊಂಡಿಯನ್ನು ನೋಡಿದೆ, ಅದು ಒಂದಿಷ್ಟು ಓರೆಯಾಗಿ ಕೂತಿತ್ತು. ಪ್ರತಿ ಎತ್ತುವಿಕೆಯಲ್ಲೂ ಆ ಒಂದು ಜಾಗವೇ ತಿರುಚಿಕೊಳ್ಳುತ್ತಿತ್ತು. ಅಂದಿನ ಪೆಟ್ಟಿಗೆ ಎತ್ತಿದ್ದರೆ ಏನಾಗುತ್ತಿತ್ತೆಂದು ಹೊರಗೆ ಬಂದು ಕೂತಾಗಲೇ ಹೊಳೆಯಿತು.

ಗಾಡಿಗೆ ಕೆಂಪು ಪಟ್ಟಿ ಕಟ್ಟಿದೆ. ಚಾಲಕನಿಗೆ ಬಿರುಕು ತೋರಿಸಿ, ಅವರಿಗೆ ಗೊತ್ತಾಗಿತ್ತು, ಅದಕ್ಕೇ ಇವತ್ತು ಕಾರ್ಡು ಹಾಕಲಿಲ್ಲ ಎಂದೆ. ನನ್ನ ಬಾಯಿಂದಲೇ ಆ ಮಾತು ಬಂತು. ಅವನು ನನ್ನನ್ನೇ ನೋಡಿದ.

“ಹಂಗಲ್ಲ ಸಾಯೇಬ್ರ,” ಎಂದ. “ಕಾರ್ಡ ತೀರಿದ್ವು. ನಿನ್ನಿದಽ ಕಡೀದು.”

ಕೊಟ್ಟಿಗೆಯ ನೆಲದ ಮೇಲೆ ಕೂತು ಅವನು ಹೇಳಿದ್ದಿಷ್ಟು. ಹಿಂದಿನ ಪರೀಕ್ಷಕರು ತಮಗೆ ತಡವಾದ ದಿನ ಕೆಲಸ ನಿಲ್ಲಬಾರದೆಂದು ಕಾರ್ಡುಗಳಿಗೆ ಮೊದಲೇ ಗುರುತು, ಸಹಿ ಹಾಕಿ ಕಟ್ಟು ಕಟ್ಟಿ ಇವನ ಕೈಗೆ ಕೊಟ್ಟಿಡುತ್ತಿದ್ದರು. ಅವರು ಸತ್ತಾಗ ಒಂದು ದೊಡ್ಡ ಕಟ್ಟು ಇವನ ಬಳಿ ಉಳಿಯಿತು. ನಾನು ಬರುವವರೆಗೆ ಕಾರ್ಡು ತೂಗಿದರೆ ಸಾಕಿತ್ತು, ಸಹಿ ಯಾರದೆಂದು ಯಾರೂ ನೋಡುತ್ತಿರಲಿಲ್ಲ. ಶೆಡ್ಡಿನ ಹಿಂದಿನ ಸಾಲುಮನೆಯಲ್ಲೇ ಇವನ ವಾಸ. ನೀರು ಹೊರುವ ಹಿಂಬಾಗಿಲಿನ ಕೀಲಿ ಇವನ ಬಳಿಯೇ ಇತ್ತು. ನಿದ್ದೆ ಬರದೆ ದಿನಾ ಐದಕ್ಕೆ ಎದ್ದು ಬಂದು, ಅವರು ಮಾಡುತ್ತಿದ್ದಂತೆಯೇ ಒಂದೊಂದೂ ನೋಡಿ, ಹಾರ್ನು ಊದಿ, ಗೆರೆ ಎಳೆದು ಹತ್ತು ನಿಮಿಷ ಕಾದು, ನಾಲಗೆ ಬಡಿದು, ಅವರ ಸಹಿಯ ಕಾರ್ಡು ಕಟ್ಟಿ ಹೋಗುತ್ತಿದ್ದ. ಗೇಟಿನಲ್ಲಿ ಸದ್ದಷ್ಟೇ ಕೇಳುತ್ತಿದ್ದ ಚೌಕಿದಾರ ಸತ್ತ ಸಾಹೇಬರೇ ಬಂದು ಹೋದರೆಂದುಕೊಂಡಿದ್ದ. ತನ್ನ ಕೈಯಿಂದ ಸತ್ತವರ ಕೆಲಸ ನಿಲ್ಲಬಾರದು ಎಂಬುದೊಂದೇ ಅವನ ತಲೆಯಲ್ಲಿದ್ದದ್ದು. ಅವರು ನೋಡುತ್ತಿದ್ದುದನ್ನೆಲ್ಲ ಅವನೂ ನೋಡುತ್ತಿದ್ದ. ಅವರು ಸರಪಳಿಯನ್ನು ಎಂದೂ ತೊಳೆದವರಲ್ಲ. ಅವನೂ ತೊಳೆಯಲಿಲ್ಲ.

ಕಟ್ಟಿನಲ್ಲಿ ಇನ್ನೊಂದೇ ಒಂದು ಕಾರ್ಡು ಉಳಿದಿದ್ದರೆ ನಾನು ಅದನ್ನೂ ನಕಲು ಮಾಡುತ್ತಿದ್ದೆ. ಇದನ್ನು ಅವನಿಗೆ ಹೇಳಿದೆ.

ಆಮೇಲೆ ಹೊಳೆದದ್ದು ಇನ್ನೊಂದು. ಅಪಘಾತವಾದ ಮೇಲೆ ಸರಪಳಿ ಬದಲಿಸಿದ್ದರು, ಬುಡದ ಕೊಂಡಿ ಹಳೆಯದೇ. ಹಾಗಾದರೆ ಮೊದಲ ಸರಪಳಿಯೂ ಇದೇ ಜಾಗದಲ್ಲಿ ಸೀಳಿರಬೇಕಲ್ಲ? ಕಡಿದ ತುಂಡು ಎಲ್ಲಿದೆಯೆಂದು ಕೇಳಿದೆ. ಜೀವ ತೆಗೆದ ಕಬ್ಬಿಣವೆಂದು ಕೂಲಿಗಳು ಅದನ್ನು ಗುಜರಿಗೆ ಹಾಕಲು ಬಿಡದೆ ಹಿಂದಿನ ಬೇವಿನ ಮರದಡಿ ಹೂತು, ಮೇಲೊಂದು ಕಲ್ಲಿಟ್ಟು ದೇವರಿಗೆ ಬಳಿಯುವ ಕೆಂಪು ಶೇಂದೂರ ಬಳಿದಿದ್ದರಂತೆ. ಅಗೆಯಲು ಯಾರೂ ಒಪ್ಪಲಿಲ್ಲ. ಅದೂ ಹೊತ್ತು ಹನ್ನೆರಡು ದಾಟಿತ್ತು. ಅಂಗಳದಲ್ಲಿ ನಾವಿಬ್ಬರೇ, ಮರದ ನೆರಳು ಬುಡಕ್ಕೆ ಸರಿದಿತ್ತು. ಕೂಲಿಗಳೆಲ್ಲ ಶೆಡ್ಡಿನ ಬಾಗಿಲಲ್ಲಿ ಸಾಲಾಗಿ ನಿಂತು ಸದ್ದಿಲ್ಲದೆ ನೋಡುತ್ತಿದ್ದರು. ಚಾಲಕ ಕಲ್ಲಿಗೆ ಕೈ ಮುಗಿದು, ಅದನ್ನು ಎತ್ತಿ ಪಕ್ಕಕ್ಕಿಟ್ಟು, ಗುದ್ದಲಿ ಬೇಡವೆಂದು ಬರಿಗೈಯಿಂದ ಬಗೆದ. ಕಾದ ಮಣ್ಣಿನಿಂದ ತುಕ್ಕು ಹತ್ತಿದ ತುಂಡು ಹೊರಬಂತು. ಎಲ್ಲಿಂದಲೋ ಒಂದು ಸುಂಟರಗಾಳಿ ಎದ್ದು ನಮ್ಮಿಬ್ಬರನ್ನೂ ಸುತ್ತಿ ಹೋಯಿತು. ಬಾಗಿಲಲ್ಲಿ ನಿಂತವರು ಹಿಂದೆ ಸರಿದರು. ಕಣ್ಣಿನ ಧೂಳು ತಿಕ್ಕಿಕೊಂಡು ಎಣಿಸಿದೆ. ಕಡಿದದ್ದು ಬುಡದಿಂದ ಮೂರನೆಯ ಪಟ್ಟಿಯಲ್ಲೇ.

ಆ ತುಂಡನ್ನೂ ಗಾಡಿಯಿಂದ ಬಿಚ್ಚಿದ ಸರಪಳಿಯನ್ನೂ ಅಧಿಕಾರಿಯ ಮೇಜಿನ ಮೇಲಿಟ್ಟೆ. ಅವರು ಹಳೆಯ ತುಂಡನ್ನು ತಿರುವಿ ನೋಡಿ, ಎರಡೂವರೆ ತಿಂಗಳು ಮಣ್ಣಿನಲ್ಲಿದ್ದ ಕಬ್ಬಿಣ ಪೂರ್ತಿ ತುಕ್ಕೇ, ಇದರಿಂದ ಏನೂ ಸಾಬೀತಾಗುವುದಿಲ್ಲ ಎಂದರು. ನ್ಯಾಯವಾದ ಮಾತು. ಅವರ ಎದುರಿಗೇ ಹೊಸ ಸರಪಳಿಯ ಪಟ್ಟಿಯನ್ನು ವೈಸಿನ ಇಕ್ಕಳದಲ್ಲಿ ಹಿಡಿದು ಬಡಿದು ಮುರಿದೆ. ಮುರಿದ ಮುಖದ ಮುಕ್ಕಾಲು ಭಾಗ ಕಪ್ಪು, ಹಳೆಯ ಬಿರುಕು, ಗ್ರೀಸು ಒಳಕ್ಕೆ ಇಳಿದಿತ್ತು. ಉಳಿದ ಕಾಲುಭಾಗ ಆಗ ಮುರಿದದ್ದು, ಬೆಳ್ಳಿಯ ಹಾಗೆ ಹೊಳೆಯಿತು. ಇದು ಜಗ್ಗಿದ್ದಕ್ಕೆ ಹರಿಯುವ ಕಬ್ಬಿಣವಲ್ಲ, ವಾರಗಟ್ಟಲೆ ಒಳಗೊಳಗೇ ಸೀಳಿದ್ದು. ಮೊದಲಿನದೂ ಹೀಗೇ ಸೀಳಿದೆ, ಚಾಲಕನ ಕೈ ಕಾರಣವಲ್ಲ ಎಂದೆ.

ಅಧಿಕಾರಿ ನನ್ನ ರಿಜಿಸ್ಟರು ಬಿಚ್ಚಿ ನನ್ನ ಕಡೆ ತಿರುಗಿಸಿದರು. ವಾರಗಟ್ಟಲೆ ಇದ್ದ ಬಿರುಕಾದರೆ ಹತ್ತೊಂಬತ್ತು ದಿನ ಸರಪಳಿ ಸರಿಯಿದೆ ಎಂದು ನೀನು ಯಾವುದನ್ನು ನೋಡಿ ಬರೆದೆ ಎಂದು ಮೆಲ್ಲಗೆ ಕೇಳಿದರು. ನೀನು ನಿಜಕ್ಕೂ ನೋಡಿದ್ದರೆ ಬಿರುಕು ನಿನ್ನೆಯದು, ಆಗ ಚಾಲಕನ ವಿಷಯದಲ್ಲಿ ಇದಕ್ಕೆ ಬೆಲೆಯಿಲ್ಲ. ಬಿರುಕು ಹಳೆಯದಾದರೆ ನೀನು ನೋಡಿಲ್ಲ. ಎರಡರಲ್ಲಿ ಯಾವುದು ಎಂದು ಬರೆದುಕೊಡು, ನಾಳೆಯವರೆಗೆ ಸಮಯವಿದೆ ಎಂದರು. ಕೆಟ್ಟ ಮನುಷ್ಯರಲ್ಲ ಅವರು. ಬಿರುಕು ನಿನ್ನೆಯದೆಂದು ಬರೆದರೂ ಗಾಡಿ ದುರಸ್ತಿಯಾಗುತ್ತದೆ, ಯಾರಿಗೂ ತೊಂದರೆಯಿಲ್ಲ ಎಂಬುದನ್ನೂ ಸೂಚಿಸಿದರು. ಯಾರಿಗೂ ಎನ್ನುವಾಗ ಅವರು ಚಾಲಕನನ್ನು ಎಣಿಸಿರಲಿಲ್ಲ.

ಆ ಸಂಜೆ ಮನೆಯಲ್ಲಿ ಕಾಗದ ಮುಂದಿಟ್ಟುಕೊಂಡು ಕೂತೆ. ಎರಡು ಸಲ ಸುಳ್ಳೇ ಬರೆದೆ, ಒಳ್ಳೆಯ ಇಂಗ್ಲಿಷಿನಲ್ಲಿ. ನಾನು ಹೊಸಬ, ಮುಂದೆ ಬಾಳುವೆ ಇದೆ, ಅವನಿಗೆ ಹೇಗೂ ವಯಸ್ಸಾಯಿತು ಎಂದೆಲ್ಲ ನನಗೆ ನಾನೇ ವಕೀಲಿ ಮಾಡಿಕೊಂಡೆ. ಆದರೆ ಅವನು ನೆಲದ ಮೇಲೆ ಕೂತು, ತನ್ನ ಕೈಯಿಂದ ಸತ್ತವರ ಕೆಲಸ ಎಂದದ್ದು ಕಿವಿಯಿಂದ ಹೋಗಲಿಲ್ಲ. ಸತ್ತವರ ಹೆಸರಿನಲ್ಲಿ ಅವನು ನಿಜವಾದ ಕೆಲಸ ಮಾಡುತ್ತಿದ್ದ. ಬದುಕಿದ್ದ ನಾನು ನನ್ನ ಹೆಸರಿನಲ್ಲಿ ಮಾಡದ ಕೆಲಸಕ್ಕೆ ಸಹಿ ಹಾಕುತ್ತಿದ್ದೆ. ಮೂರನೆಯ ಸಲ ಇದ್ದದ್ದನ್ನು ಇದ್ದಂತೆ ಬರೆದೆ: ಹತ್ತೊಂಬತ್ತು ದಿನದಲ್ಲಿ ಕೊನೆಯ ಹದಿನೈದು ದಿನ ನಾನು ಸರಪಳಿಯನ್ನು ಮುಟ್ಟಿಲ್ಲ, ಮೊದಲ ದಿನಗಳಲ್ಲಿ ಮುಟ್ಟಿದ್ದೂ ಗ್ರೀಸಿನ ಮೇಲಿಂದಲೇ.

ನನ್ನ ಪರೀಕ್ಷಕ ಹುದ್ದೆ ಹೋಯಿತು, ಮೊದಲು ಮಾಡುತ್ತಿದ್ದ ಫಿಟರಿನ ಕೆಲಸಕ್ಕೇ, ರಿಪೇರಿ ಬೆಂಚಿಗೆ, ಮರಳಿದೆ. ಮೂರನೇ ನಂಬರಿಗೆ ಹೊಸ ಕೊಂಡಿ, ಹೊಸ ಸರಪಳಿ ಬಂದವು. ತಿಂಗಳೊಂದು ಕಳೆದ ಮೇಲೆ ವಿಚಾರಣೆಯ ತಿದ್ದುಪಡಿಯ ಪ್ರತಿ ಬಂತು. ಅದನ್ನು ಚಾಲಕನಿಗೆ ಕನ್ನಡದಲ್ಲಿ ಹೇಳಿದೆ. ಸರಪಳಿ ಕಡಿದದ್ದು ಹಳೆಯ ಬಿರುಕಿನಿಂದ, ಚಾಲಕನ ತಪ್ಪಿಲ್ಲ ಎಂಬ ಸಾಲನ್ನು ಅವನು ಮೂರು ಸಲ ಹೇಳಿಸಿದ. ಕಾಗದವನ್ನು ಇಸಿದುಕೊಂಡು ಓದಲು ಬಾರದ ಕಣ್ಣಿನಿಂದ ನೋಡಿ ಮರಳಿಸಿದ.

“ಇದನ್ನ ಅವರ ಮನ್ಯಾಗ ಓದಿ ಹೇಳ್ತೀರೇನ್ರಿ? ನಾ ಹೊರಗ ನಿಂತಿರ್ತೀನಿ.”

ತೀರಿಕೊಂಡ ಪರೀಕ್ಷಕರು ಬೆಳಗಾವಿಯ ಕಡೆಯವರು. ಮನೆಯವರು ಇನ್ನೂ ಕ್ವಾರ್ಟರ್ಸಿನಲ್ಲೇ ಇದ್ದರು, ಊರಿಗೆ ಹೊರಡುವ ತಯಾರಿಯಲ್ಲಿ. ಮಳೆ ಇನ್ನೂ ಬಿದ್ದಿರಲಿಲ್ಲ, ಭಾನುವಾರದ ಮಧ್ಯಾಹ್ನ. ಚಾಲಕ ರಸ್ತೆಯ ಆಚೆ, ನೆರಳೇ ಇಲ್ಲದ ಕಡೆ ಹೋಗಿ ನಿಂತ. ಅಪಘಾತವಾದಂದಿನಿಂದ ಅವನು ಆ ರಸ್ತೆಗೆ ಕಾಲಿಟ್ಟಿರಲಿಲ್ಲ. ಕಟ್ಟಿದ ಹಾಸಿಗೆಗಳ ನಡುವೆ ನನಗೊಂದು ಟ್ರಂಕಿನ ಮೇಲೆ ಜಾಗ ಮಾಡಿಕೊಟ್ಟರು. ನಾನು ಯಾರೆಂದು, ನಾನೇನು ಮಾಡಿದೆನೆಂದು ಮೊದಲು ಹೇಳಿದೆ. ಆಮೇಲೆ ಕಾಗದ ಓದಿ ಅರ್ಥ ಹೇಳಿದೆ. ಯಜಮಾನರು ಸರಪಳಿ ತೊಳೆಯುತ್ತಿರಲಿಲ್ಲ ಎಂಬ ಸಾಲನ್ನೂ ಬಿಡಲಿಲ್ಲ. ಪರೀಕ್ಷಕರ ಹೆಂಡತಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಕೊನೆಯವರೆಗೂ ಕೇಳಿದರು. ನಾನು ಎದ್ದು ಹೊರಡಲೇ ಎಂದು ಯೋಚಿಸುತ್ತಿದ್ದಾಗ ಕಿಟಕಿಯಾಚೆ ನೋಡಿ, ಅಲ್ಲಿ ನಿಂತವನು ಯಾರೆಂದು ಕೇಳಿದರು. ಹೇಳಿದೆ.

“ಬಿಸಲಾಗ ಯಾಕ ನಿಲ್ಲಿಸೀರಿ ಅವನ್ನ,” ಎಂದರು, “ಒಳಗ ಕರೀರಿ.”